ಒಂದೇ ಮನೆಯ ನಾಲ್ಕು ತಲೆನೋವು

ನಮ್ಮ ಲ್ಯಾಬಿನಲ್ಲಿ ಯಾರ ಕೈಗೂ ಸಿಗದ ನರ ಸೂಜಿಯಕ್ಕನ ಕೈಗೆ ಸಿಗುತ್ತದೆ. ಜೊತೆಗೆ ಕೆಲಸ ಮಾಡುವವಳು ಅನ್ನುವ ಅಭಿಮಾನಕ್ಕೆ ಹೇಳುತ್ತಿಲ್ಲ. ವರ್ಷಗಟ್ಟಲೆ ಚುಚ್ಚಿಸಿಕೊಂಡು ತೋಳೆಲ್ಲ ಗಂಟುಗಂಟಾದವರು, ಸೂಜಿ ಕಂಡರೆ ಮಂಚದ ಕೆಳಗೆ ನುಗ್ಗುವ ಮಕ್ಕಳು, "ನನಗೇನೂ ಭಯ ಇಲ್ಲ" ಎಂದು ಹೇಳುತ್ತಲೇ ಬೆವರುವ ದೊಡ್ಡ ಮೀಸೆಯ ಗಂಡಸರು, ಎಲ್ಲರೂ ಫೋನ್ ಮಾಡಿದಾಗ ಮೊದಲು ಕೇಳುವುದು ಒಂದೇ ಮಾತು: "ಆ ಅಕ್ಕನೇ ಬರ್ತಾರೆ ತಾನೆ?"

ಅವಳದು ಮನೆಮನೆಗೆ ಹೋಗಿ ರಕ್ತ ತೆಗೆದು ತರುವ ಕೆಲಸ. ಬೆಳಿಗ್ಗೆ ಆರಕ್ಕೆ ಸ್ಕೂಟರ್ ಹತ್ತಿದರೆ ಹತ್ತು ಗಂಟೆಯೊಳಗೆ ಹನ್ನೆರಡು ಹದಿಮೂರು ಮನೆ ಮುಗಿಸಿ, ಐಸ್ ಡಬ್ಬಿಯಲ್ಲಿ ಟ್ಯೂಬುಗಳನ್ನು ಜೋಡಿಸಿಕೊಂಡು ಬಂದು ನನ್ನ ಮೇಜಿನ ಮೇಲೆ ಇಡುತ್ತಾಳೆ. ನಾನು ಮೆಷಿನ್ ನಡೆಸುವವನು. ಮುಖಕ್ಕಿಂತ ಕನ್ನಡಕವೇ ದೊಡ್ಡದಾಗಿರುವುದರಿಂದ ಅವಳಿಗೆ ನಾನು 'ಕನ್ನಡಕ'. "ತಗೊಳ್ಳಪ್ಪಾ ಕನ್ನಡಕ, ಇವತ್ತಿನ ಬೆಳೆ" ಎಂದು ಡಬ್ಬಿ ಇಟ್ಟು, ಕೈ ತೊಳೆದು, ಅಲ್ಲೇ ಸ್ಟೂಲ್ ಮೇಲೆ ಕೂತು ಟೀ ಕುಡಿದರೆ ಅವಳ ಅರ್ಧ ದಿನ ಮುಗಿದ ಹಾಗೆ.

ಅವಳ ಗಂಡ ಬೇಕರಿಯಲ್ಲಿ ಒಲೆ ಮುಂದೆ ನಿಲ್ಲುವವನು. ಅವನು ಅವಳಿಗಿಂತ ಮೊದಲು ಏಳಬೇಕು. "ನಮ್ಮ ಬೀದಿ ಕೋಳಿಗೆ ಅಲಾರಾಂ ಇಡೋದೇ ನಾವಿಬ್ರು" ಅನ್ನುತ್ತಾಳೆ.

ಇಪ್ಪತ್ತೆರಡು ವರ್ಷದ ಹಿಂದೆ ಅವಳು ನಮ್ಮಲ್ಲಿಗೆ ಬಂದದ್ದು ಗಾಜಿನ ಟ್ಯೂಬು ತೊಳೆಯುವುದಕ್ಕೆ. ಆಗ ಲ್ಯಾಬು ನಡೆಸುತ್ತಿದ್ದವರು ಒಬ್ಬ ವಯಸ್ಸಾದ ಹೆಣ್ಣುಮಗಳು. ದೊಡ್ಡ ಡಾಕ್ಟರು ಅಂತಲೇ ಎಲ್ಲರೂ ಕರೆಯುತ್ತಿದ್ದೆವು. ಅವರ ಬಾಯಿ ಜೋರು, ಕೈ ಮೃದು. ತೊಳೆಯುವ ತೊಟ್ಟಿಯ ಮುಂದೆ ನಿಂತವಳು ಬಗ್ಗಿ ಬಗ್ಗಿ ತಮ್ಮ ಕೈ ಕಡೆ ನೋಡುವುದನ್ನು ಒಂದು ವಾರ ಕಂಡ ಅವರು, ಎಂಟನೇ ದಿನ ತಮ್ಮ ತೋಳನ್ನೇ ಚಾಚಿ, "ನೋಡಿದ್ದು ಸಾಕು, ಚುಚ್ಚು" ಅಂದರಂತೆ. ಇವಳು ಮೊದಲ ಸಲ ಚುಚ್ಚಿದ್ದು ಆ ತೋಳಿಗೆ. ಮೂರು ಕಡೆ ನೀಲಿಗಟ್ಟಿತು. ದೊಡ್ಡ ಡಾಕ್ಟರು ಅಂಗಿಯ ತೋಳು ಇಳಿಸಿಕೊಂಡು, "ನಾಳೆ ಈ ಕೈ ಬೇಡ, ಆ ಕೈ" ಅಂದರು.

ಅವಳಿಗಿರುವ ಇನ್ನೊಂದು ಗುಣ ಪ್ರಶ್ನೆ ಕೇಳುವುದು. ನಾನು ಕೋರ್ಸು ಓದಿ ಬಂದವನು, ಪುಸ್ತಕದಲ್ಲಿ ಇದ್ದದ್ದಕ್ಕೆಲ್ಲ ತಲೆಯಾಡಿಸಿ ಪಾಸಾದವನು. ಅವಳು ಹಾಗಲ್ಲ. ಈ ರಕ್ತ ಯಾಕೆ ಬೇಗ ಹೆಪ್ಪುಗಟ್ಟಿತು, ರಕ್ತದ ಮೇಲೆ ತೇಲುವ ಈ ನೀರಿನಂಥದ್ದು ಯಾಕೆ ಹಳದಿ, ನರದ ರಕ್ತ ಕಪ್ಪಾದರೆ ಗಾಯದ ರಕ್ತ ಯಾಕೆ ಕೆಂಪು? ದೊಡ್ಡ ಡಾಕ್ಟರು ಬದುಕಿರುವ ತನಕ ಉತ್ತರ ಹೇಳಿದರು. ಅವರು ಹೋದ ಮೇಲೆ ನಾನು ಸಿಕ್ಕಿಹಾಕಿಕೊಂಡೆ. ಅರ್ಧಕ್ಕರ್ಧ ಪ್ರಶ್ನೆಗೆ ನಾನು ಹೇಳುತ್ತಿದ್ದದ್ದು, "ಅಕ್ಕಾ, ಈಗ ಮೆಷಿನ್ ಬಿಸಿಯಾಗಿದೆ, ಆಮೇಲೆ."

ಕಳೆದ ಚಳಿಗಾಲದ ಒಂದು ಮಂಗಳವಾರ ಅವಳ ಪಟ್ಟಿಯಲ್ಲಿ ಹೊಸ ಮನೆಯೊಂದಿತ್ತು. ಮೂರನೇ ಮಹಡಿ, ಒಂದೇ ಮನೆಯ ಮೂರು ಹೆಸರು. ಯಜಮಾನರು ಮೂವತ್ತನಾಲ್ಕು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಅವರ ಹೆಂಡತಿ. ಆರು ತಿಂಗಳ ಬಸುರಿ ಸೊಸೆ. ಮಗನೊಬ್ಬನಿದ್ದಾನೆ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೆಳಗಿನ ಪಾಳಿ. ಅಕ್ಕ ಮೆಟ್ಟಿಲು ಹತ್ತುವಷ್ಟರಲ್ಲಿ ಅವನು ಇಳಿದು ಹೋಗಿರುತ್ತಾನೆ. ಮೂವರಿಗೂ ಎರಡು ವಾರದಿಂದ ತಲೆನೋವು, ವಾಕರಿಕೆ, ಸುಸ್ತು. ಅತ್ತೆಗೆ ತಲೆಸುತ್ತು ಬೇರೆ. ಅವರ ಡಾಕ್ಟರು, ಊರೆಲ್ಲ ಓಡಾಡುತ್ತಿದ್ದ ಜ್ವರವೇ ಇರಬೇಕು ಎಂದುಕೊಂಡು ರಕ್ತಪರೀಕ್ಷೆ ಬರೆದುಕೊಟ್ಟಿದ್ದರು.

ಅಕ್ಕ ಹೋದಳು, ಮೂವರ ರಕ್ತ ತೆಗೆದಳು, ಬಂದಳು. ಆ ದಿನ ಸ್ಟೂಲ್ ಮೇಲೆ ಕೂತು ಹಣೆ ಒತ್ತಿಕೊಳ್ಳುತ್ತಿದ್ದಳು. "ಏನಕ್ಕಾ?" ಅಂದೆ. "ಏನೋ ತಲೆ ಭಾರ. ಬೆಳಿಗ್ಗೆ ಟೀ ಕುಡೀಲಿಲ್ಲ ನೋಡು" ಅಂದಳು. ಟೀ ಕುಡಿದ ಮೇಲೆ ಹೋಯಿತು. ಆ ಮನೆಯ ಟ್ಯೂಬು ಎತ್ತಿ ಬೆಳಕಿಗೆ ಹಿಡಿದು, "ಇದೇನೋ ಕೆಂಪಗಿದೆ ಅನ್ನಿಸ್ತಿಲ್ವಾ?" ಎಂದು ಕೇಳಿದಳು. ನಾನು ತಲೆ ಎತ್ತದೆ, "ರಕ್ತ ಅಂದ್ಮೇಲೆ ಕೆಂಪಗೇ ಇರುತ್ತೆ ಅಕ್ಕಾ" ಅಂದೆ. ಅವಳು ನಕ್ಕಳು. ನಾನು ಮೂವರ ರಿಪೋರ್ಟಿಗೂ 'ಎಲ್ಲ ಸರಿಯಾಗಿದೆ' ಎಂದು ಬರೆದು ಕಳಿಸಿದೆ. ಬರೆದದ್ದರಲ್ಲಿ ಸುಳ್ಳಿರಲಿಲ್ಲ. ನಾವು ಹುಡುಕಿದ್ದು ಅಲ್ಲಿರಲಿಲ್ಲ, ಅಲ್ಲಿ ಇದ್ದದ್ದನ್ನು ನಾವು ಹುಡುಕಿರಲಿಲ್ಲ.

ಆರು ದಿನ ಬಿಟ್ಟು, ಸೋಮವಾರ, ಅದೇ ಮನೆಯಿಂದ ಮತ್ತೆ ಕರೆ. ಯಾರಿಗೂ ಕಡಿಮೆಯಾಗಿಲ್ಲ, ಇನ್ನೊಂದು ಸಲ ಪರೀಕ್ಷೆ ಆಗಬೇಕಂತೆ. ಆ ಬೆಳಿಗ್ಗೆ ನಡೆದದ್ದನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ, ಆ ಮನೆಯ ಮೂಲೆಮೂಲೆಯೂ ನನಗೆ ಈಗ ಗೊತ್ತು. ನಾನೇ ಅಲ್ಲಿದ್ದೆನೇನೋ ಅನ್ನಿಸುತ್ತದೆ.

ಏಳೂವರೆಗೆ ಅವಳು ಬಾಗಿಲು ತಟ್ಟಿದಾಗ ತೆಗೆದದ್ದು ಸೊಸೆ. ಮುಖ ಸೊರಗಿತ್ತು. ಹೊರಗಿನ ಚಳಿಗೆ ಹೋಲಿಸಿದರೆ ಒಳಗೆ ಬೆಚ್ಚಗೆ, ಆದರೆ ಗಾಳಿ ಹಳಸಿದ ಹಾಗೆ. ಕಿಟಕಿಯ ಗಾಜಿನ ಒಳಗಡೆ ನೀರು ಹನಿಹನಿಯಾಗಿ ಇಳಿಯುತ್ತಿತ್ತು. ಸೋಫಾದ ಮೇಲೆ ಬೆಕ್ಕೊಂದು ಮಲಗಿತ್ತು. ಅಕ್ಕ ಚೀಲ ಇಟ್ಟ ಸದ್ದಿಗೂ ಕಿವಿ ಆಡಿಸಲಿಲ್ಲ.

"ಅತ್ತೆ ಸ್ನಾನಕ್ಕೆ ಹೋಗಿದಾರೆ, ಮೊದಲು ಮಾವಂದು ತಗೊಳ್ಳಿ" ಅಂದಳು ಸೊಸೆ.

ಡ್ರೈವರ್ ಯಜಮಾನರು ಮಾತುಗಾರರು. ಬೆರಳಿಗೆ ಹಾಕುವ ಆಮ್ಲಜನಕದ ಕ್ಲಿಪ್ಪನ್ನು ಹಾಕಿಕೊಂಡೇ ಕೂತಿದ್ದರು. "ನೋಡಮ್ಮಾ, ತೊಂಬತ್ತೊಂಬತ್ತು! ಶಾಲೇಲಿ ಯಾವತ್ತೂ ನನಗೆ ಇಷ್ಟು ಬಂದಿರ್ಲಿಲ್ಲ. ಆದ್ರೂ ತಲೆ ಮಾತ್ರ ಸಿಡೀತಿದೆ." ನಗುತ್ತಲೇ ಕೈ ಚಾಚಿದರು. ಅಕ್ಕ ರಬ್ಬರ್ ಪಟ್ಟಿ ಕಟ್ಟಿದಳು, ಬೆರಳಲ್ಲಿ ಒತ್ತಿ ನರ ಹುಡುಕಿದಳು, ಚುಚ್ಚಿದಳು.

ಟ್ಯೂಬಿನೊಳಗೆ ಇಳಿದ ರಕ್ತ ಕೆಂಪಗಿತ್ತು. ನರದ ರಕ್ತಕ್ಕೆ ಇರಬೇಕಾದ ಆ ಕಪ್ಪು ಛಾಯೆ ಇಲ್ಲ. ತಪ್ಪಿ ಅಪಧಮನಿಗೆ ಚುಚ್ಚಿದೆನಾ ಎಂದು ಅವಳು ಒಂದು ಕ್ಷಣ ಸೂಜಿಯ ಬುಡವನ್ನೇ ನೋಡಿದಳು. ಆದರೆ ಅಪಧಮನಿಯಾದರೆ ರಕ್ತ ಮಿಡಿದು ಮಿಡಿದು ನುಗ್ಗುತ್ತದೆ. ಇದು ನಿಧಾನವಾಗಿಯೇ ಬರುತ್ತಿತ್ತು. ಹತ್ತಿ ಒತ್ತಿ, ಸೊಸೆಯ ಕಡೆ ತಿರುಗಿದಳು. ಅವಳ ಟ್ಯೂಬಿನಲ್ಲೂ ಅದೇ ಬಣ್ಣ. ಬೇರೆ ಯಾರಾದರೂ ಆಗಿದ್ದರೆ ಅಂಥ ವ್ಯತ್ಯಾಸ ಕಣ್ಣಿಗೇ ಬೀಳುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತು ಟ್ಯೂಬಿನಂತೆ ಇಪ್ಪತ್ತು ವರ್ಷ ನೋಡಿದ ಕಣ್ಣು ಅದು.

ಅಷ್ಟರಲ್ಲಿ ಅವಳ ತಲೆಯೂ ನೋಯಲು ಶುರುವಾಯಿತು. ಹಣೆಯ ಎರಡೂ ಕಡೆ, ಬಿಗಿ ಟೋಪಿ ಹಾಕಿದ ಹಾಗೆ. ಆ ದಿನ ಅವಳು ಟೀ ಕುಡಿದೇ ಬಂದಿದ್ದಳು.

"ಮಗನಿಗೂ ಹೀಗೇ ಆಗುತ್ತಾ?" ಎಂದು ಕೇಳಿದಳು.

"ಅವನಿಗೇನೂ ಇರ್ಲಿಲ್ಲ. ಪ್ರೆಸ್ಸಿಗೆ ಹೋದ್ರೆ ಆರಾಮಾಗೇ ಇರ್ತಾನೆ" ಅಂದರು ಯಜಮಾನರು. "ನಿನ್ನೆ ಭಾನುವಾರ ರಜಾ ಅಂತ ಮನೇಲಿದ್ದ ನೋಡಿ, ಅವನಿಗೂ ಶುರು. ಒಂದೇ ಮನೇಲಿ ನಾಲ್ಕು ತಲೆನೋವು! ಅಂಟುರೋಗವೇ ಇರಬೇಕು."

"ಜ್ವರ?"

"ಒಬ್ಬರಿಗೂ ಇಲ್ಲ."

"ಹೊರಗೆ ಹೋದ್ರೆ ಕಮ್ಮಿ ಆಗುತ್ತಾ?"

ಸೊಸೆ ಬಚ್ಚಲಿನ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದಳು. "ಹತ್ತು ದಿನದ ಹಿಂದೆ ನಮ್ಮಮ್ಮನ ಮನೇಲಿ ಎರಡು ದಿನ ಇದ್ದೆ. ತಲೆನೋವೂ ಇಲ್ಲ, ವಾಂತೀನೂ ಇಲ್ಲ. ಇಲ್ಲಿಗೆ ಬಂದ ಮಾರನೇ ದಿನ ಮತ್ತೆ. ಅತ್ತೆ ಮುಂದೆ ಹೇಳಬೇಡಿ ಅಕ್ಕಾ. ಅವರ ಕೈಯಡುಗೆ ನನಗೆ ಒಗ್ಗಲ್ಲ ಅಂತ ಅಂದ್ಕೋತಾರೆ."

ಸೂಜಿಯಕ್ಕನಿಗೆ ಆಗ ದೊಡ್ಡ ಡಾಕ್ಟರು ನೆನಪಾದರು. ವರ್ಷಗಳ ಹಿಂದೆ, ನರದ ರಕ್ತವೂ ಯಾವತ್ತಾದರೂ ಕೆಂಪಗೆ ಬರುತ್ತದಾ ಎಂದು ಇವಳು ಕೇಳಿದ್ದಳು. ಬರುತ್ತೆ, ಅಂದಿದ್ದರು ಅವರು. ಬೆಂಕಿಗೆ ಗಾಳಿ ಸಾಲದೆ ಹೋದಾಗ ಅದು ಅರ್ಧಂಬರ್ಧ ಉರಿದು ಒಂದು ಕೆಟ್ಟ ಅನಿಲ ಬಿಡುತ್ತೆ, ಕಾರ್ಬನ್ ಮಾನಾಕ್ಸೈಡ್ ಅಂತ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯೋದೂ ಇಲ್ಲ. ಉಸಿರಿನ ಜೊತೆ ಹೋಗಿ, ರಕ್ತದಲ್ಲಿ ಆಮ್ಲಜನಕ ಕೂರೋ ಜಾಗದಲ್ಲಿ ತಾನೇ ಕೂತುಬಿಡುತ್ತೆ. "ಬಸ್ಸಿನಲ್ಲಿ ಸೀಟು ಹಿಡಿದು ನಿದ್ದೆ ಮಾಡಿದವರ ಹಾಗೆ. ಎಬ್ಬಿಸಿದ್ರೂ ಏಳಲ್ಲ. ಆಮ್ಲಜನಕ ಪಾಪ ನಿಂತೇ ಇರಬೇಕು."

"ಯಜಮಾನ್ರೇ, ಮನೇಲಿ ಏನಾದ್ರೂ ಉರೀತಿದೆಯಾ? ಇದ್ದಿಲು, ಹೀಟರ್, ಏನಾದ್ರೂ?"

"ಏನೂ ಇಲ್ಲಮ್ಮ. ಅತ್ತ ಗ್ಯಾಸ್ ಗೀಸರ್ ಒಂದಿದೆ ಅಷ್ಟೇ. ಅದೂ ಹೊರಗಡೆ ಬಾಲ್ಕನಿಯಲ್ಲಿ."

ಅಕ್ಕ ಎದ್ದು ಅಡುಗೆಮನೆ ದಾಟಿ ಹೋಗಿ ನೋಡಿದಳು. ಬಾಲ್ಕನಿ ಬಾಲ್ಕನಿಯಾಗಿ ಉಳಿದಿರಲಿಲ್ಲ. ಕೆಳಗಿಂದ ಮೇಲಿನವರೆಗೆ ಗಾಜು, ಸಂದಿಗಳಿಗೆಲ್ಲ ಅಂಟುಪಟ್ಟಿ. ಹುಟ್ಟುವ ಕೂಸಿಗೆ ಥಂಡಿಗಾಳಿ ತಾಗಬಾರದೆಂದು, ಅದರ ಬಟ್ಟೆ ಒಣಗಿಸಲು ಬೆಚ್ಚಗಿನ ಜಾಗ ಇರಲೆಂದು, ಯಜಮಾನರೇ ಮುಂದೆ ನಿಂತು ತಿಂಗಳ ಹಿಂದೆ ಮಾಡಿಸಿದ್ದರು. ಗೀಸರಿನ ಹೊಗೆಕೊಳವೆ ಮೊದಲು ಬಯಲಿಗೆ ಬಾಯಿ ತೆರೆದಿತ್ತು. ಈಗ ಗಾಜಿನ ಒಳಗೆ ತೆರೆದಿತ್ತು. ಮೇಲಿನ ಗೋಡೆಗೆ ಕಪ್ಪು ಮಸಿ. ಗೀಸರಿನ ಕಿಂಡಿಯಲ್ಲಿ ನೀಲಿಯಾಗಿರಬೇಕಾದ ಉರಿ ಹಳದಿಯಾಗಿ, ನಾಲಿಗೆ ಚಾಚಿ ಕುಣಿಯುತ್ತಿತ್ತು. ಅದರ ಪಕ್ಕದಲ್ಲೇ ಬಚ್ಚಲಿನ ಗಾಳಿಕಿಂಡಿ.

ಬಚ್ಚಲಿನೊಳಗೆ ನೀರು ಸುರಿಯುವ ಸದ್ದು ಒಂದೇ ಸಮನೆ ಬರುತ್ತಿತ್ತು. ಚೊಂಬಿನ ಸದ್ದಿಲ್ಲ, ಕೆಮ್ಮಿಲ್ಲ.

"ಅಮ್ಮಾ!" ಎಂದು ಕೂಗಿದಳು ಅಕ್ಕ. ಉತ್ತರವಿಲ್ಲ.

ಅಲ್ಲಿಂದ ಮುಂದಿನದು ಐದು ನಿಮಿಷದ ಮಾತು. ಅವಳು ಗೀಸರ್ ಆರಿಸಿ ಸಿಲಿಂಡರ್ ತಿರುಗಿಸಿ ಬಂದ್ ಮಾಡಿದಳು. ಓಡಿಬಂದು ಮುಂಬಾಗಿಲನ್ನು ಪೂರ್ತಿ ತೆರೆದು, ಬಸುರಿಯನ್ನು ಭುಜ ಹಿಡಿದು ಹೊರಗೆ ದಾಟಿಸಿದಳು. "ಮೆಟ್ಟಿಲಿಳಿದು ಕೆಳಗೆ ಬಯಲಿಗೆ ಹೋಗು. ಕೂಗಿ ಜನ ಕರಿ. ಆಂಬುಲೆನ್ಸಿಗೆ ಫೋನ್ ಮಾಡು, ಮನೆಯೊಳಗೆ ಗ್ಯಾಸಿನ ಹೊಗೆ ತುಂಬಿದೆ ಅಂತ ಹೇಳು. ಏನೇ ಆದ್ರೂ ಒಳಗೆ ಬರಬೇಡ."

"ಅತ್ತೆ?"

"ನಾನು ತರ್ತೀನಿ, ನೀನು ಹೋಗು."

ಯಜಮಾನರು ಬಚ್ಚಲ ಬಾಗಿಲಿಗೆ ಭುಜ ಕೊಟ್ಟಿದ್ದರು. ಎರಡು ಸಲ ಗುದ್ದಿದರು, ಚಿಲಕ ಬಿಡಲಿಲ್ಲ, ಅವರಿಗೇ ಕಾಲು ಸೋಲುತ್ತಿತ್ತು. ಅಕ್ಕ ಕಿಟಕಿ ಕಿಟಕಿಗೆ ಓಡಿ ತೆಗೆದು, ಮುಂಬಾಗಿಲ ಹತ್ತಿರ ಹೋಗಿ ಎದೆ ತುಂಬ ಉಸಿರು ಎಳೆದುಕೊಂಡು, ಉಸಿರು ಬಿಗಿಹಿಡಿದು ವಾಪಸು ಬಂದು ಅವರ ಜೊತೆ ಗುದ್ದಿದಳು. ಚಿಲಕದ ಮೊಳೆ ಕಿತ್ತು ಬಾಗಿಲು ಅರ್ಧ ತೆರೆಯಿತು. ಅತ್ತೆಯಮ್ಮ ಗೋಡೆಗೆ ಒರಗಿ ಕುಸಿದಿದ್ದರು. ತಲೆಯ ಮೇಲೆ ಬಿಸಿನೀರಲ್ಲ, ಆರಿದ ನೀರು ಸುರಿಯುತ್ತಿತ್ತು. ಕೈಗೆ ಸಿಕ್ಕಿದ ಹೊದಿಕೆ ಸುತ್ತಿ, ಇಬ್ಬರೂ ಕಂಕುಳಿಗೆ ಕೈಹಾಕಿ ಎಳೆದುಕೊಂಡೇ ಹೊರಗಿನ ಪಡಸಾಲೆಗೆ ತಂದರು.

ಹೊರಗೆ ತಂದ ಮೇಲೆ ಯಜಮಾನರು ಸುಮ್ಮನೆ ನಿಲ್ಲಲಿಲ್ಲ. "ಬೆಕ್ಕು" ಎಂದು ಮತ್ತೆ ಒಳಗೆ ನುಗ್ಗಿದರು. ಅಕ್ಕ ಬೈದರೂ ಕೇಳಲಿಲ್ಲ. ಒಳಗಿಂದ ಗಾಜು ಒಡೆಯುವ ಸದ್ದು ಬಂತು. ಒಂದು, ಎರಡು, ಮೂರು. ತಾವೇ ಅಳತೆ ಕೊಟ್ಟು ಕೂರಿಸಿದ ಗಾಜನ್ನು ಸ್ಟೂಲಿನಿಂದ ಒಡೆದು, ಬೆಕ್ಕನ್ನು ಎದೆಗವಚಿಕೊಂಡು, ಅಳುತ್ತಾ ಬಂದರು. "ನಾನೇ ಕೊಂದೆನಲ್ಲಮ್ಮಾ. ನನ್ನ ಕೈಯಾರೆ ನಾನೇ..."

"ಯಾರೂ ಸತ್ತಿಲ್ಲ" ಎಂದು ಅಕ್ಕ ಗದರಿದಳು. "ಉಸಿರಾಡ್ತಿದಾರೆ, ನೋಡಿ. ನೀವೂ ಉಸಿರಾಡಿ. ಅಳೋದು ಆಮೇಲೆ."

ಆಸ್ಪತ್ರೆಯಲ್ಲಿ ಇನ್ನೊಂದು ಗಂಡಾಂತರ ಕಾದಿತ್ತು. ತುರ್ತು ವಿಭಾಗದ ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವರು. ಆ ಬೆಳಿಗ್ಗೆ ಅವರ ಮುಂದೆ ಇಪ್ಪತ್ತು ಜನ. ಅತ್ತೆಯಮ್ಮನಿಗೆ ಅಷ್ಟರಲ್ಲಿ ಅರೆ ಎಚ್ಚರ ಬಂದಿತ್ತು, ಏನೋ ತೊದಲುತ್ತಿದ್ದರು. ಡಾಕ್ಟರು ಬೆರಳಿಗೆ ಕ್ಲಿಪ್ ಹಾಕಿ ನೋಡಿದರು. "ಆಕ್ಸಿಜನ್ ತೊಂಬತ್ತೆಂಟು ಇದೆ, ಪರವಾಗಿಲ್ಲ. ಸ್ನಾನದಲ್ಲಿ ತಲೆಸುತ್ತು ಬಂದಿರಬೇಕು. ಒಂದು ಡ್ರಿಪ್ ಹಾಕಿ, ಹೊರಗೆ ಕೂರಿಸಿ."

ಸೂಜಿಯಕ್ಕ ಅವರ ದಾರಿಗೆ ಅಡ್ಡ ನಿಂತಳು. "ಸರ್, ಆ ಕ್ಲಿಪ್ಪಿಗೆ ಇದು ಗೊತ್ತಾಗಲ್ಲ. ಆಮ್ಲಜನಕ ಕೂತ್ರೂ ಅಷ್ಟೇ, ಆ ಕೆಟ್ಟ ಗ್ಯಾಸ್ ಕೂತ್ರೂ ಅಷ್ಟೇ, ಅದಕ್ಕೆ ಎರಡೂ ಒಂದೇ ಕೆಂಪು."

"ನೀವು ಯಾರು?"

"ನಾನು ರಕ್ತ ತೆಗೆಯೋಳು ಸರ್."

ಆ ಡಾಕ್ಟರು ಮುಖ ತಿರುಗಿಸಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅವರು ನಿಂತು, "ಯಾವ ಟೆಸ್ಟ್ ಮಾಡಬೇಕು ಅಂತೀರಿ?" ಎಂದು ಕೇಳಿದರು. ಅಕ್ಕನಿಗೆ ಹೆಸರು ಬಾಯಿಗೆ ಬರಲಿಲ್ಲ. ಅಲ್ಲೇ ನಿಂತು ನನಗೆ ಫೋನ್ ಮಾಡಿದಳು.

"ಕನ್ನಡಕ, ಆ ಕೆಟ್ಟ ಗ್ಯಾಸ್ ರಕ್ತದಲ್ಲಿ ಎಷ್ಟಿದೆ ಅಂತ ನೋಡೋ ಟೆಸ್ಟು, ಹೆಸರು ಹೇಳು. ಬೇಗ."

"ಕಾರ್ಬಾಕ್ಸಿಹೀಮೋಗ್ಲೋಬಿನ್. ಆದ್ರೆ ಅಕ್ಕಾ, ನಮ್ಮಲ್ಲಿ ಆಗಲ್ಲ, ಬ್ಲಡ್ ಗ್ಯಾಸ್ ಮೆಷಿನ್ ಬೇಕು..."

"ಕಾರು, ಬಾಕ್ಸು, ಹೀಮೋಗ್ಲೋಬಿನ್ನು ಸರ್" ಎಂದು ಅವಳು ಆ ಕಡೆ ಹೇಳುವುದು ನನಗೆ ಕೇಳಿಸಿತು. ಆಮೇಲೆ, "ಬಾಲ್ಕನಿ ಗಾಜಿನಿಂದ ಮುಚ್ಚಿದಾರೆ, ಗೀಸರ್ ಒಳಗಿದೆ, ಉರಿ ಹಳದಿ. ನಾಲ್ಕು ಜನಕ್ಕೂ ಒಟ್ಟಿಗೆ ತಲೆನೋವು, ಒಬ್ಬರಿಗೂ ಜ್ವರ ಇಲ್ಲ, ಮನೆಯಿಂದ ಹೊರಗೆ ಹೋದ್ರೆ ಗುಣ. ಒಬ್ಬಳು ಆರು ತಿಂಗಳ ಬಸುರಿ. ಇಗೋ, ಮಾವ ಸೊಸೆಯದು, ಏಳೂ ನಲವತ್ತಕ್ಕೆ ತೆಗೆದ ರಕ್ತ, ಟ್ಯೂಬಿನ ಮೇಲೆ ಟೈಮ್ ಬರೆದಿದೀನಿ."

ಡಾಕ್ಟರು ಟ್ಯೂಬು ನೋಡಿದರು, ಅವಳ ಮುಖ ನೋಡಿದರು, ನರ್ಸ್ ಕಡೆ ತಿರುಗಿ ಕೂಗಿದರು. ಹತ್ತು ನಿಮಿಷದಲ್ಲಿ ಮೂವರ ಮುಖಕ್ಕೂ ಬಿಗಿ ಮಾಸ್ಕ್, ಪೂರ್ತಿ ಆಮ್ಲಜನಕ. ಮಗನನ್ನೂ ಪ್ರೆಸ್ಸಿನಿಂದ ಕರೆಸಿ ಪರೀಕ್ಷೆ ಮಾಡಿದರು. ಅತ್ತೆಯಮ್ಮನ ರಕ್ತದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜಾಗವನ್ನು ಆ ಅನಿಲ ಹಿಡಿದಿತ್ತು. ಸೊಸೆಯದು ಐದರಲ್ಲಿ ಒಂದು ಪಾಲು, ಯಜಮಾನರದ್ದು ಅದಕ್ಕಿಂತ ತುಸು ಕಡಿಮೆ. ಅರ್ಧ ಗಂಟೆ ಆ ಮನೆಯಲ್ಲಿದ್ದ ಅಕ್ಕನ ರಕ್ತದಲ್ಲೂ ಸ್ವಲ್ಪ ಸಿಕ್ಕಿತು. ಅವಳಿಗೂ ಮಾಸ್ಕ್ ಹಾಕಿ ಕೂರಿಸಿದರು. "ಬೇರೆಯವರ ರಿಪೋರ್ಟು ತಂದು ತಂದು, ಕಡೆಗೆ ನನ್ನದೂ ಬಂತು ನೋಡು" ಎಂದು ಮಾಸ್ಕಿನೊಳಗಿಂದಲೇ ನನಗೆ ಫೋನ್.

ಸೊಸೆಯನ್ನು ಉಳಿದವರಿಗಿಂತ ಎಷ್ಟೋ ಹೆಚ್ಚು ಹೊತ್ತು ಆಮ್ಲಜನಕದಲ್ಲಿ ಇಟ್ಟರು. ತಾಯಿಯ ರಕ್ತ ಶುದ್ಧವಾದ ಮೇಲೂ ಹೊಟ್ಟೆಯೊಳಗಿನ ಕೂಸಿನ ರಕ್ತದಿಂದ ಅದು ಬಿಟ್ಟುಹೋಗಲು ಸಮಯ ಬೇಕಂತೆ. ತಾಯಿಗೆ ಬರೀ ತಲೆನೋವು ಅನ್ನಿಸಿದಾಗಲೇ ಕೂಸಿಗೆ ಅದು ದೊಡ್ಡ ಅಪಾಯ ಎಂದು ಡಾಕ್ಟರು ಹೇಳಿದಾಗ, ಡ್ರೈವರ್ ಯಜಮಾನರು ಗೋಡೆ ಕಡೆ ಮುಖ ಮಾಡಿ ನಿಂತರಂತೆ.

ಆ ಡ್ಯೂಟಿ ಡಾಕ್ಟರು ಸಂಜೆ ನಮ್ಮ ಲ್ಯಾಬಿಗೇ ಬಂದರು. ಅಕ್ಕನ ಜೊತೆ ಟೀ ಕುಡಿದರು. "ಬಣ್ಣ ನೋಡಿ ಹೇಳಿದ್ರಲ್ಲ, ಅದು ಅಪರೂಪ ಕಣಮ್ಮಾ. ಎಷ್ಟೋ ಜನಕ್ಕೆ ಕಡೆಯವರೆಗೂ ಬಣ್ಣ ಬದಲಾಗೋದು ಕಾಣಲ್ಲ. ಅದನ್ನೇ ನಂಬಿ ಕೂತರೆ ಕೆಟ್ಟೆವು. ನೀವು ಕೇಳಿದ ಪ್ರಶ್ನೆಗಳೇ ದೊಡ್ಡವು. ಅವನ್ನ ನಾನು ಕೇಳಬೇಕಾಗಿತ್ತು" ಅಂದರು. ಅಕ್ಕ ಸಂಕೋಚದಿಂದ ಲೋಟ ತಿರುಗಿಸುತ್ತಾ ಕೂತಿದ್ದಳು.

ಅವರು ಹೋದ ಮೇಲೆ ಅವಳು ಅತ್ತಳು. ಆವರೆಗೆ ಅವಳು ಅತ್ತದ್ದನ್ನು ನಾನು ನೋಡಿದ್ದಿಲ್ಲ.

"ಮಂಗಳವಾರವೇ ನನ್ನ ತಲೆ ನೋಯ್ತು. ಮಂಗಳವಾರವೇ ಆ ಬಣ್ಣ ಕಂಡಿತು. ಆರು ದಿನ, ಕನ್ನಡಕ. ಆರು ದಿನ ಆ ಹುಡುಗಿ ಅಲ್ಲೇ ಉಸಿರಾಡ್ತಿದ್ಲು."

"ನೀನು ಕೇಳಿದೆ ಅಕ್ಕಾ" ಅಂದೆ. "ನಾನು ತಲೆ ಎತ್ತಲಿಲ್ಲ." ಅವಳು ನನ್ನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಮೂಗು ಒರೆಸಿಕೊಂಡು, "ಇನ್ಮೇಲೆ ಎತ್ತು" ಅಂದಳು. ಈಗ ನನ್ನ ಮೆಷಿನ್ ಎಷ್ಟೇ ಬಿಸಿಯಾಗಿರಲಿ, ಅವಳು ಕೇಳಿದರೆ ನಿಲ್ಲಿಸುತ್ತೇನೆ.

ಆ ಮನೆಯವರು ಬದುಕಿಕೊಂಡರು, ಬೆಕ್ಕೂ ಸಹ. ಆದರೆ ಎಲ್ಲವೂ ಒಂದೇ ದಿನದಲ್ಲಿ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಅತ್ತೆಯಮ್ಮ ಮನೆಗೆ ಬಂದ ಮೂರನೇ ವಾರದಲ್ಲಿ ಮರೆವು ಶುರುವಾಯಿತು. ಸಾರಿಗೆ ಎರಡೆರಡು ಸಲ ಉಪ್ಪು ಹಾಕುವುದು, ಮಗನ ಹೆಸರಿಗೆ ತಡಕಾಡುವುದು, ಮಾತಿನ ಮಧ್ಯೆ ನಿಂತುಬಿಡುವುದು. ಈ ಅನಿಲ ಹೋಗುವಾಗಲೂ ತಲೆಯೊಳಗೆ ಗೀರು ಹಾಕಿ ಹೋಗುವುದುಂಟು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನಾಲ್ಕು ತಿಂಗಳು ಸೊಸೆ ಅವರ ಪಕ್ಕದಲ್ಲೇ ನಿಂತು ಅಡುಗೆ ಮಾಡಿಸಿದಳು. ನಿಧಾನವಾಗಿ ಸುಧಾರಿಸಿದರು. ಅಷ್ಟರೊಳಗೆ ಹೆಣ್ಣುಕೂಸು ಹುಟ್ಟಿತ್ತು. ಡಾಕ್ಟರುಗಳು ಕೈಕಾಲು, ಕಣ್ಣು, ಕಿವಿ ಎಲ್ಲವನ್ನೂ ನಾಲ್ಕು ಸಲ ನೋಡಿ ಚೆನ್ನಾಗಿದೆ ಎಂದರು. ಅದರ ಹಿಮ್ಮಡಿಯಿಂದ ಮೊದಲ ಹನಿ ರಕ್ತ ತೆಗೆಯಲು ಅಕ್ಕನನ್ನೇ ಕರೆಸಿದರು. ಕೂಸು ಕಿರುಚಿತು. "ಶ್ವಾಸಕೋಶ ಜೋರಾಗಿದೆ" ಎಂದು ಅಕ್ಕ ನಕ್ಕಳಂತೆ.

ಬಾಲ್ಕನಿ ಮತ್ತೆ ಬಯಲಾಯಿತು, ಗೀಸರ್ ಬದಲಾಯಿತು, ಗೋಡೆಯ ಮೇಲೆ ಈ ಅನಿಲ ಬಂದರೆ ಕಿರುಚುವ ಸಣ್ಣ ಯಂತ್ರವೊಂದು ಬಂದು ಕೂತಿತು. ಅದಕ್ಕಿಂತ ದೊಡ್ಡ ಕೆಲಸವನ್ನು ಡ್ರೈವರ್ ಯಜಮಾನರು ಮಾಡಿದರು. ಆ ಕಟ್ಟಡದಲ್ಲಿ ಅವರನ್ನು ನೋಡಿಯೇ ಇನ್ನೂ ಐದು ಮನೆಯವರು ಬಾಲ್ಕನಿಗೆ ಗಾಜು ಹಾಕಿಸಿದ್ದರು. ಯಜಮಾನರು ಅಕ್ಕನನ್ನು ಜೊತೆಗೆ ಕರೆದುಕೊಂಡು ಒಂದೊಂದೇ ಬಾಗಿಲು ತಟ್ಟಿದರು. ತಪ್ಪು ಮಾಡಿದವನು ನಾನು ಎಂದೇ ಮಾತು ಶುರುಮಾಡುತ್ತಿದ್ದರು. ನಾಲ್ಕು ಮನೆಯವರು ಕೇಳಿದರು. ಐದನೆಯವನು, "ನಮಗೇನೂ ವಾಸನೆ ಬರ್ತಿಲ್ವಲ್ಲ" ಅಂದ.

"ವಾಸನೆ ಬಂದಿದ್ರೆ ನಾನು ಬುದ್ಧಿವಂತ ಅನ್ನಿಸ್ಕೊಂಡಿರ್ತಿದ್ದೆ" ಅಂದರು ಯಜಮಾನರು. ಅವನೂ ಮಾರನೆಯ ವಾರ ಗಾಜು ತೆಗೆಸಿದ.

ಅಕ್ಕನ ಓಡಾಟದಲ್ಲಿ ಈಗ ಪ್ರತಿ ಮನೆಗೆ ಎರಡು ನಿಮಿಷ ಜಾಸ್ತಿ. ಹತ್ತಿ ಒತ್ತಿ ಹಿಡಿದುಕೊಂಡೇ ಕೇಳುತ್ತಾಳೆ. ನೀರು ಯಾವುದರಲ್ಲಿ ಕಾಯಿಸ್ತೀರಿ? ಚಳಿಗೆ ಇದ್ದಿಲ ಕುಂಪಟೆ ಒಳಗಿಟ್ಟು ಮಲಗ್ತೀರಾ? ಮುಚ್ಚಿದ ಗ್ಯಾರೇಜಿನಲ್ಲಿ ಗಾಡಿ ಸ್ಟಾರ್ಟ್ ಮಾಡಿ ಬಿಡ್ತೀರಾ? ಒಲೆ ಉರಿ ನೀಲಿನಾ, ಹಳದಿನಾ? ನಮ್ಮ ಹೊಸ ಮ್ಯಾನೇಜರಿಗೆ ಇದು ಹಿಡಿಸಲಿಲ್ಲ. "ನಿಮ್ಮ ಕೆಲಸ ರಕ್ತ ತೆಗೆಯೋದು, ಒಲೆ ನೋಡೋದಲ್ಲ" ಎಂದು ಒಂದು ದಿನ ಎಲ್ಲರ ಮುಂದೆ ಹೇಳಿದರು.

"ರಕ್ತ ತೆಗೆಯೋಕೆ ಆಳು ಬದುಕಿರಬೇಕಲ್ಲ ಸರ್" ಅಂದಳು ಅಕ್ಕ.

ಗಂಡನ ಬೇಕರಿಯನ್ನೂ ಅವಳು ಬಿಡಲಿಲ್ಲ. ಮಧ್ಯಾಹ್ನ ಅವನಿಗೆ ಊಟ ಕೊಡುವ ನೆಪದಲ್ಲಿ ಒಳಗೆ ಹೋಗಿ, ಒಲೆಯ ಚಿಮಣಿಗೆ ಕೈಹಾಕಿ, ಕೈತುಂಬ ಮಸಿ ತಂದು ಮಾಲೀಕನ ಮೇಜಿನ ಮೇಲೆ ಇಟ್ಟಳು. ಗಂಡ ಒಂದು ವಾರ ಮಾತು ಬಿಟ್ಟ. ಚಿಮಣಿ ಗುಡಿಸಿದ ಮೇಲೆ, ಸಂಜೆ ಮನೆಗೆ ಬರುವಾಗ ಮೊದಲಿನಂತೆ ತಲೆ ಹಿಡಿದುಕೊಂಡು ಬರುತ್ತಿಲ್ಲ ಎಂದು ಅವನಿಗೇ ಗೊತ್ತಾಯಿತು. ಒಲೆ ಮುಂದಿನ ಕೆಲಸ ಅಂದ ಮೇಲೆ ತಲೆನೋವು ಇದ್ದದ್ದೇ ಎಂದು ಹನ್ನೊಂದು ವರ್ಷ ಅಂದುಕೊಂಡಿದ್ದನಂತೆ.

ಹೋದ ತಿಂಗಳು ಒಂದು ಬೆಳಿಗ್ಗೆ ಪೇಟೆಯಲ್ಲಿ ಕರೆಂಟು ಹೋಗಿತ್ತು. ಅಕ್ಕ ಮನೆಗಳನ್ನು ಮುಗಿಸಿ ಬರುತ್ತಿದ್ದಾಗ, ಕ್ಷೌರದಂಗಡಿಯೊಂದರ ಒಳಗಿಂದ ಜನರೇಟರ್ ಗುಡುಗುವುದು ಕೇಳಿಸಿತು. ಬೀದಿಗೆ ಸದ್ದಾಗದಿರಲೆಂದು ಅದನ್ನು ಹಿಂದಿನ ಕೋಣೆಯಲ್ಲಿಟ್ಟು, ಧೂಳು ಬಾರದಿರಲೆಂದು ಮುಂದಿನ ಗಾಜಿನ ಬಾಗಿಲು ಮುಚ್ಚಿದ್ದರು. ಅವಳು ಸ್ಕೂಟರ್ ನಿಲ್ಲಿಸಿ ಬಾಗಿಲು ತಳ್ಳಿದಳು.

"ಎಲ್ಲರೂ ಎದ್ದು ಹೊರಗೆ ಬನ್ನಿ."

"ಯಾಕಮ್ಮಾ, ಕೆನ್ನೆ ಅರ್ಧ ಆಗಿದೆ" ಅಂದ ನೊರೆ ಮುಖದ ಒಬ್ಬ.

"ಉಳಿದರ್ಧ ಬೀದಿಯಲ್ಲಿ ಆಗುತ್ತೆ. ಏಳಿ!"

ಅವಳ ದನಿಗೆ ನಾಲ್ವರೂ ಎದ್ದರು. ಕೊರಳಿಗೆ ಬಟ್ಟೆ ಕಟ್ಟಿಕೊಂಡವರು, ಒಂದು ಕಿವಿಯ ಮೇಲಷ್ಟೇ ಕೂದಲು ಕತ್ತರಿಸಿಕೊಂಡವರು, ಎಲ್ಲರೂ ಫುಟ್‌ಪಾತಿನ ಮೇಲೆ ಸಾಲಾಗಿ ನಿಂತರು. ಅಂಗಡಿಯವನು ಜನರೇಟರ್ ಆರಿಸಿ, ಬೈಯಬೇಕೆಂದೇ ಹೊರಗೆ ಬಂದ. ಬಂದವನು ಗೋಡೆ ಹಿಡಿದುಕೊಂಡ. "ಬೆಳಿಗ್ಗೆಯಿಂದ ಯಾಕೋ ತಲೆ ಸುತ್ತುತಾ ಇತ್ತು" ಅಂದ.

ಅಕ್ಕ ಅವನನ್ನು ಮೆಟ್ಟಿಲ ಮೇಲೆ ಕೂರಿಸಿದಳು. ಯಾರು ಎಷ್ಟು ಹೊತ್ತಿಂದ ಒಳಗಿದ್ದರು ಎಂದು ಒಬ್ಬೊಬ್ಬರನ್ನೇ ವಿಚಾರಿಸಿದಳು. ಅಂಗಡಿಯವನನ್ನು ಒಂದು ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸುವಾಗ, ಒಂದು ಚೀಟಿಯಲ್ಲಿ ಆ ಟೆಸ್ಟಿನ ಹೆಸರನ್ನು ಬರೆದು ಅವನ ಜೇಬಿಗೆ ಹಾಕಿದಳು. ಈಗ ಅವಳಿಗೆ ಅದರ ಅಕ್ಷರ ತಪ್ಪುವುದಿಲ್ಲ.

ಆ ದಿನ ನನ್ನ ಮೇಜಿಗೆ ಡಬ್ಬಿ ಬಂದಾಗ ಹತ್ತೂವರೆ. "ಐಸ್ ಕರಗಿಲ್ಲ, ನೋಡ್ಕೋ" ಎಂದು ಹೇಳಿ, ಅವಳು ಕೈ ತೊಳೆಯಲು ಹೋದಳು.